ಚುಕ್ಕಾಣಿಯಿರುವ ಕಡಲ ಕಯಾಕ್: ನಾಲ್ಕು ವರ್ಷಗಳ ಬಳಕೆಯ ನಂತರ

ಉತ್ತರ ಕ್ಯಾಲಿಫೋರ್ನಿಯಾದ ಟೊಮಾಲೆಸ್ ಕೊಲ್ಲಿಯಲ್ಲಿ ಓಡಿಸಲೆಂದು ನಾನು ಈ 17 ಅಡಿಯ ಕಯಾಕನ್ನು, ಅಂದರೆ ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿಯನ್ನು, ಬೇರೊಬ್ಬರು ಬಳಸಿದ್ದನ್ನೇ ಕೊಂಡೆ. ಹೊಸದರ ಬೆಲೆ ನನಗೆ ಎಟುಕುವಂತಿರಲಿಲ್ಲ.

ನನ್ನ ತಕರಾರು ಪೆಡಲುಗಳದ್ದು. ಕಾಲಿನಿಂದ ಒತ್ತುವ ಈ ಪೆಡಲುಗಳೇ ಎರಡು ಬದಿಯ ಉಕ್ಕಿನ ತಂತಿಗಳ ಮೂಲಕ ಹಿಂಭಾಗದ ಚುಕ್ಕಾಣಿಯನ್ನು ತಿರುಗಿಸುತ್ತವೆ. ಹುಟ್ಟು ಹಾಕುವುದು ಬರಿಯ ತೋಳಿನ ಕೆಲಸವಲ್ಲ; ಎಡಕ್ಕೆ ಹುಟ್ಟು ಹಾಕುವಾಗ ಎಡಗಾಲನ್ನು ಗಟ್ಟಿಯಾಗಿ ಊರಿ ಮೈಯನ್ನು ಸೊಂಟದಿಂದ ತಿರುಗಿಸಿದರೆ ಮಾತ್ರ ಪೂರ್ಣ ಬಲ ನೀರಿಗೆ ತಲುಪುತ್ತದೆ. ಈ ಕಯಾಕಿನಲ್ಲಿ ಇಡೀ ಪೆಡಲೇ ಹಳಿಯ ಮೇಲೆ ಹಿಂದೆ ಮುಂದೆ ಸರಿಯುವುದರಿಂದ, ಚುಕ್ಕಾಣಿ ಇಳಿಸಿದೊಡನೆ ಊರಿದ ಕಾಲು ಜಾರಿ ದೋಣಿ ಡೊಂಕುಡೊಂಕಾಗಿ ಸಾಗುತ್ತದೆ.

ಎರಡನೆಯ ಬೇಸಿಗೆಯಲ್ಲಿ, ಹಾರ್ಟ್ಸ್ ಡಿಸೈರ್ ದಡದಿಂದ ಮಾರ್ಷಲ್ ಕಡೆಗೆ ಕೊಲ್ಲಿಯನ್ನು ಅಡ್ಡ ಹಾಯುತ್ತಿದ್ದಾಗ ಬಲಗಡೆಯ ಉಕ್ಕಿನ ತಂತಿ ತುಂಡಾಯಿತು. ಮಧ್ಯಾಹ್ನದ ವಾಯವ್ಯ ಗಾಳಿ ಎಡಪಕ್ಕಕ್ಕೆ ಬಡಿಯುತ್ತಿತ್ತು. ಸಾಗುವ ಕಯಾಕಿನ ಮೂತಿಯನ್ನು ಎದುರಿನ ನೀರು ಬಿಗಿಯಾಗಿ ಹಿಡಿದಿರುತ್ತದೆ, ಹಿಂಭಾಗಕ್ಕೆ ಆ ಹಿಡಿತವಿರುವುದಿಲ್ಲ. ಹಾಗಾಗಿ ಗಾಳಿ ಹಿಂಭಾಗವನ್ನು ಆಚೆ ತಳ್ಳಿದಂತೆ ಮೂತಿ ಗಾಳಿಯತ್ತ ತಿರುಗುತ್ತದೆ. ಮೂತಿಯನ್ನು ಮತ್ತೆ ದಾರಿಗೆ ತರಲು ಚುಕ್ಕಾಣಿಯನ್ನು ಮೇಲೆತ್ತಿ, ಎಡಸೊಂಟವನ್ನು ಒತ್ತಿ, ಬಲಮೊಣಕಾಲಿನಿಂದ ದೋಣಿಯನ್ನು ಗಾಳಿಯತ್ತ ವಾಲಿಸಿ, ಎಡಗಡೆ ಅಗಲವಾಗಿ ಹುಟ್ಟು ಬೀಸುತ್ತ ಹೋದೆ. ತರಗತಿಯಲ್ಲಿ ಒಮ್ಮೆ ಹೇಳಿಕೊಟ್ಟಿದ್ದ ಈ ಕ್ರಮವನ್ನು ಚುಕ್ಕಾಣಿಯಿದೆಯೆಂಬ ಧೈರ್ಯದಲ್ಲಿ ನಾನು ಅಭ್ಯಾಸ ಮಾಡಿರಲೇ ಇಲ್ಲ. ದಡ ಸೇರುವಷ್ಟರಲ್ಲಿ ಎಡಭುಜ ಸೋತುಹೋಗಿತ್ತು.

ಅಂದಿನಿಂದ ಪ್ರತಿ ಸಲವೂ ಹೊರಡುವಾಗ ಚುಕ್ಕಾಣಿ ಮೇಲೆಯೇ ಇರುತ್ತದೆ. ಮನೆಗೆ ಬಂದ ಮೇಲೆ ಹಳಿಗಳಲ್ಲಿ ಸೇರಿದ ಮರಳನ್ನು ಸಿಹಿನೀರಿನಿಂದ ತೊಳೆದು, ಪೆಡಲುಗಳನ್ನು ಆಚೀಚೆ ಆಡಿಸಿ, ತಂತಿ ಕೊಳವೆಯಿಂದ ಹೊರಬರುವಲ್ಲಿ ಹಳೆಯ ಹತ್ತಿಬಟ್ಟೆಯನ್ನು ಎಳೆದು, ಎಳೆ ಬಿಚ್ಚಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುವುದೇ ಎಂದು ನೋಡುತ್ತೇನೆ. ಈ ಕಾಲು ಗಂಟೆಯ ಕೆಲಸ ನನಗೆ ಬಹಳ ಪ್ರಿಯವಾಗಿದೆ.

ಆದರೆ ಹಾಗ್ ದ್ವೀಪದ ಕಡೆಯಿಂದ ಬೆನ್ನುಗಾಳಿಯಲ್ಲಿ ಮರಳುವಾಗ ನನ್ನ ಅಸಮಾಧಾನ ಕರಗುತ್ತದೆ. ಹಿಂದಿನಿಂದ ಬರುವ ಅಲೆ ದೋಣಿಯನ್ನು ಅಡ್ಡ ತಿರುಗಿಸಲು ನೋಡುತ್ತದೆ. ಆಗ ಚುಕ್ಕಾಣಿ ಇಳಿಸಿದರೆ ದಾರಿ ಸರಿಪಡಿಸಲು ವ್ಯಯವಾಗುತ್ತಿದ್ದ ಬಲವೆಲ್ಲ ಮುಂದೆ ಸಾಗುವುದಕ್ಕೇ ಉಳಿಯುತ್ತದೆ. ಹಿಂಭಾಗ ಅಲೆಯ ನೆತ್ತಿಯಲ್ಲಿ ನೀರಿನಿಂದ ಮೇಲೆದ್ದ ಕ್ಷಣ ಮಾತ್ರ ಅದು ಏನೂ ಮಾಡಲಾರದು.

ಗೆಳೆಯರೊಬ್ಬರ ಕಯಾಕಿನಲ್ಲಿ ಚುಕ್ಕಾಣಿಯ ಬದಲು ತಳದಿಂದ ಇಳಿಯುವ, ತಿರುಗದ ರೆಕ್ಕೆಯಿದೆ. ಅಲ್ಲಿ ಕಾಲಿಗೆ ಸ್ಥಿರವಾದ ಆಸರೆ ಸಿಗುತ್ತದೆ, ಆದರೆ ದಡದ ಸಣ್ಣ ಕಲ್ಲುಗಳು ರೆಕ್ಕೆಯ ಸಂದಿಯಲ್ಲಿ ಸಿಕ್ಕಿ ಅದು ಇಳಿಯದೆ ಹೋದದ್ದನ್ನು ಎರಡು ಬಾರಿ ಕಂಡಿದ್ದೇನೆ. ನಾನು ಕಯಾಕನ್ನು ಮಾರುವುದಿಲ್ಲ; ಪಾದ ಕದಲದೆ ಬೆರಳತುದಿಯಿಂದಷ್ಟೇ ಚುಕ್ಕಾಣಿ ತಿರುಗಿಸುವ ಪೆಡಲುಗಳನ್ನು ಈ ಚಳಿಗಾಲದಲ್ಲಿ ಹಾಕಿಸಲಿದ್ದೇನೆ.