ಅರ್ಬುತನನ್ನು ಬದುಕಿಸಿದ ಪುಸ್ತಕ

ಆರು ವರ್ಷದ ಮೊಮ್ಮಗಳಿಗೆಂದು ಕಳೆದ ತಿಂಗಳು ಗೋವಿನ ಹಾಡಿನ ಸಚಿತ್ರ ಪುಸ್ತಕವೊಂದನ್ನು ಕೊಂಡೆ. 24 ಪುಟ, ದಪ್ಪ ಕಾಗದ, ಬೆಲೆ 150 ರೂಪಾಯಿ. ಅಕ್ಷರಗಳು ದೊಡ್ಡವು, ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಅಚ್ಚಾಗಿರುವುದರಿಂದ ಈಗಷ್ಟೇ ಓದಲು ಕಲಿಯುತ್ತಿರುವ ಮಕ್ಕಳು ತಡವರಿಸುವುದಿಲ್ಲ. ಹೊಲಿಗೆಯೂ ಗಟ್ಟಿಯಾಗಿದೆ.

ಚಿತ್ರಗಳಂತೂ ನಿಜಕ್ಕೂ ಸೊಗಸಾಗಿವೆ. ಎಳೆಯ ಮಾವಿನ ಮರದ ಕೆಳಗೆ ಕಾಳಿಂಗ ಕೊಳಲೂದುವ ಪುಟದಲ್ಲಿ ಪ್ರತಿಯೊಂದು ಹಸುವಿನ ಮುಖವೂ ಬೇರೆಬೇರೆಯಾಗಿದೆ. ಬೆಟ್ಟದಡಿಯ ಕಿಬ್ಬಿಯಲ್ಲಿ ಮಲಗಿರುವ ಅರ್ಬುತನೆಂಬ ಹುಲಿಯ ಪಕ್ಕೆಲುಬುಗಳನ್ನು ಎಣಿಸಬಹುದು. ಹುಲಿಯನ್ನು ಕ್ರೂರ ಮೃಗವಾಗಿ ಮಾತ್ರ ತೋರಿಸದೆ ಹಸಿದ ಜೀವವಾಗಿ ತೋರಿಸಿದ ಈ ಕಲಾವಿದರಿಗೆ ನನ್ನ ನಮಸ್ಕಾರ.

ನನ್ನ ತಕರಾರು ಇರುವುದು ಕೊನೆಯ ಎರಡು ಪುಟಗಳ ಬಗ್ಗೆ. ಹಾಡಿನಲ್ಲಿ, ಕೊಟ್ಟ ಮಾತಿನಂತೆ ಮರಳಿ ಬಂದು ‘ಖಂಡವಿದೆಕೋ ಮಾಂಸವಿದೆಕೋ’ ಎಂದು ನಿಂತ ಪುಣ್ಯಕೋಟಿಯನ್ನು ಕಂಡು ಹುಲಿ ಕಣ್ಣೀರು ಸುರಿಸುತ್ತದೆ, ಅವಳನ್ನು ಒಡಹುಟ್ಟಿದ ಅಕ್ಕನೆಂದು ಕರೆಯುತ್ತದೆ, ತಾನೇ ಪ್ರಾಣ ಬಿಡುತ್ತದೆ. ಈ ಪುಸ್ತಕದಲ್ಲಿ ಅದು ತಲೆ ತಗ್ಗಿಸಿ ಕ್ಷಮೆ ಕೇಳುತ್ತದೆ. ಕೊನೆಯ ಚಿತ್ರದಲ್ಲಿ ಹುಲಿ, ಹಸು, ಕರು ಮೂವರೂ ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತಿದ್ದಾರೆ. ಪುಟ್ಟ ಮಕ್ಕಳ ಮನಸ್ಸಿಗೆ ನೋವಾಗಬಾರದೆಂದು ಅಂತ್ಯವನ್ನು ಬದಲಿಸಿದ್ದೇವೆ ಎಂದು ಪ್ರಕಾಶಕರು ಹಿಂಬದಿಯಲ್ಲಿ ಹೇಳಿಕೊಂಡಿದ್ದಾರೆ.

ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಈ ಹಾಡನ್ನು ಕಲಿಸಿದವಳು ನಾನು. ಅಷ್ಟು ವರ್ಷಗಳಲ್ಲಿ ನಾನು ಗಮನಿಸಿದ ಒಂದು ಸಂಗತಿಯಿದೆ. ದೊಡ್ಡವರ ಗಂಟಲು ಕಟ್ಟುವುದು ‘ತಬ್ಬಲಿಯು ನೀನಾದೆ ಮಗನೆ’ ಎಂಬಲ್ಲಿ, ಎಸ್.ಎಲ್. ಭೈರಪ್ಪನವರು 1968ರ ತಮ್ಮ ಕಾದಂಬರಿಗೆ ಆ ಸಾಲನ್ನೇ ಹೆಸರಾಗಿ ಇಟ್ಟರು. ಮಕ್ಕಳು ಅಲ್ಲಿ ಸುಮ್ಮನೆ ಕಣ್ಣರಳಿಸಿ ಕುಳಿತಿರುತ್ತಾರೆ. ಅವರು ಅಳುವುದು ಹುಲಿ ಸತ್ತಾಗ. ಅರ್ಧ ಗಂಟೆಯ ಹಿಂದೆ ಯಾವ ಹುಲಿಯ ಗರ್ಜನೆಗೆ ಹೆದರಿ ಪಕ್ಕದವರಿಗೆ ಅಂಟಿಕೊಂಡು ಕುಳಿತಿದ್ದರೋ ಅದೇ ಹುಲಿಗಾಗಿ ಅಳುತ್ತಾರೆ. ‘ಹಸಿವಾಗಿದ್ದು ಹುಲಿಯ ತಪ್ಪಾ ಟೀಚರ್?’ ಎಂದು ಎರಡನೇ ತರಗತಿಯ ಹುಡುಗನೊಬ್ಬ ಕೇಳಿದ್ದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಆದರೆ ಹೆದರಿಸಿದವನ ಮೇಲೂ ಕನಿಕರಪಡಲು ಆ ಮಗು ಅಂದು ಕಲಿತಿತ್ತು. ಪ್ರಕಾಶಕರು ಕಿತ್ತುಹಾಕಿರುವುದು ಆ ಕಲಿಕೆಯನ್ನೇ.

ಅದೂ ಅಲ್ಲದೆ, ಮೂಲ ಹಾಡು ಮಕ್ಕಳನ್ನು ಸಾವಿನ ಮುಂದೆ ಬಿಟ್ಟು ಹೋಗುವುದಿಲ್ಲ. ಪುಣ್ಯಕೋಟಿ ದೊಡ್ಡಿಗೆ ಮರಳಿ ಕರುವಿಗೆ ಹಾಲುಣಿಸುತ್ತಾಳೆ. ಗೊಲ್ಲನನ್ನು ಕರೆದು, ಪ್ರತಿ ಸಂಕ್ರಾಂತಿಯಲ್ಲೂ ಕೃಷ್ಣನನ್ನು ಭಜಿಸಿರೆಂದು ಹೇಳುತ್ತಾಳೆ. ಹಾಡು ಕಟ್ಟಿದವರಿಗೆ ಮಕ್ಕಳ ಮನಸ್ಸು ಚೆನ್ನಾಗಿ ಗೊತ್ತಿತ್ತು. ಸಮಾಧಾನದ ಆ ಪದ್ಯಗಳೂ ಈ ಪುಸ್ತಕದಲ್ಲಿಲ್ಲ.

ಇನ್ನು ನಮ್ಮ ಮನೆಯಲ್ಲಿ ನಡೆದದ್ದು. ಓದಿ ಮುಗಿಸಿದಾಗ ಮೊಮ್ಮಗಳು ಅಳಲಿಲ್ಲ, ನಗಲೂ ಇಲ್ಲ. ನೀರು ಕುಡಿಯುತ್ತಿದ್ದ ಹುಲಿಯ ಮೇಲೆ ಬೆರಳಿಟ್ಟು, ‘ಅಜ್ಜಿ, ಇದು ನಾಳೆ ಏನು ತಿನ್ನುತ್ತೆ?’ ಎಂದು ಕೇಳಿದಳು. ನಾನು ಪುಸ್ತಕ ಮುಚ್ಚಿ, ಬಾಯಿಪಾಠವಿದ್ದ ಹಾಡನ್ನು ಪೂರ್ತಿ ಹಾಡಿದೆ. ಹುಲಿ ಸತ್ತಲ್ಲಿ ಅವಳು ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಳು. ಸಂಕ್ರಾಂತಿಯ ಪದ್ಯ ಮುಗಿಯುವವರೆಗೂ ಬೆನ್ನು ಸವರುತ್ತಾ ಕುಳಿತಿದ್ದೆ. ಮರುದಿನ ಊಟಕ್ಕೆ ಕೂರುವ ಮೊದಲೇ ‘ಹುಲಿ ಸಾಯುವ ಹಾಡು ಹೇಳಜ್ಜಿ’ ಎಂದು ಬಂದಳು.

ಚಿತ್ರಗಳಿಗಾಗಿ ಈ ಪುಸ್ತಕವನ್ನು ಧಾರಾಳವಾಗಿ ಕೊಳ್ಳಬಹುದು. 22ನೆಯ ಪುಟದವರೆಗೆ ಮಕ್ಕಳ ಜೊತೆ ಓದಿ, ಅಲ್ಲಿಂದ ಮುಂದೆ ನೀವೇ ಹಾಡಿ. ಪದ್ಯಗಳು ನೆನಪಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಮುಂದಿನ ಮುದ್ರಣದಲ್ಲಿ ಮೂಲದ ಅಂತ್ಯವನ್ನೇ ಅಚ್ಚು ಹಾಕಬೇಕೆಂದು ಪ್ರಕಾಶಕರಿಗೆ ಕಾಗದ ಬರೆದಿದ್ದೇನೆ. ಪಕ್ಕೆಲುಬು ಕಾಣುವ ಆ ಅರ್ಬುತನನ್ನು ಬರೆದ ಕೈಯಿಂದಲೇ ಅವನ ಕೊನೆಯ ಚಿತ್ರವೂ ಬರಬೇಕೆಂಬುದು ನನ್ನ ಆಸೆ.