ಹತ್ತಿ ಮಾರಿದ ಹಣ: ನಾವೇ ಹೂಡುವುದೇ, ಸಲಹೆಗಾರರನ್ನು ಕೇಳುವುದೇ?

ರಾಯಚೂರು ಎಪಿಎಂಸಿಯಲ್ಲಿ ಹತ್ತಿ ಮಾರಿದರೆ ಹಣ ಒಮ್ಮೆಗೇ ಕೈಸೇರುತ್ತದೆ. ಮುಂದಿನ ಬಿತ್ತನೆಗೆ ಬೇಕಾದಷ್ಟನ್ನು ಬ್ಯಾಂಕಿನಲ್ಲಿಡಿ. ಅದಕ್ಕೆ ಯಾರ ಸಲಹೆಯೂ ಬೇಡ.

ಉಳಿದದ್ದು ಮ್ಯೂಚುವಲ್ ಫಂಡ್‌ಗೆ ಹೋಗುವುದಾದರೆ ಲೆಕ್ಕ ಹಾಕಬೇಕು. 2013ರಿಂದ ‘ಡೈರೆಕ್ಟ್’ ಯೋಜನೆಗಳಿವೆ. ಅವುಗಳಲ್ಲಿ ವಿತರಕರ ಕಮಿಷನ್ ಇಲ್ಲ. ವಿತರಕರ ಮೂಲಕ ಕೊಳ್ಳುವ ‘ರೆಗ್ಯುಲರ್’ನಲ್ಲಿ ಶೇ 1ರಷ್ಟು ಹೆಚ್ಚು ಹೋಯಿತೆನ್ನಿ, 10 ಲಕ್ಷಕ್ಕೆ 10,000 ರೂಪಾಯಿ, ಅದೂ ಪ್ರತಿ ವರ್ಷ. ಮಂಡಿಯ ದಲಾಲಿಯ ಹಾಗೆ ಚೀಟಿಯಲ್ಲಿ ಬರೆದು ತೋರಿಸುವಂಥದ್ದಲ್ಲ ಇದು, ಎನ್‌ಎವಿಯಲ್ಲೇ, ಅಂದರೆ ಫಂಡ್‌ನ ಒಂದು ಯೂನಿಟ್‌ನ ಬೆಲೆಯಲ್ಲೇ, ಕಳೆದಿರುತ್ತದೆ. ಓದಿ ತಿಳಿಯುವ ತಾಳ್ಮೆಯಿದ್ದವರು ನೇರವಾಗಿ ಹೂಡುವುದೇ ಸರಿ.

ಆದರೆ ಷೇರುಪೇಟೆ ಕುಸಿದಾಗ ಗಾಬರಿಯಿಂದ ಮಾರಿಬಿಡುವವರಿಗೆ, ಸಾಲ, ವಿಮೆ, ತೆರಿಗೆ ಎಲ್ಲವೂ ಸಿಕ್ಕಾಗಿರುವವರಿಗೆ ಶುಲ್ಕ ಪಡೆಯುವ ಸಲಹೆಗಾರರೇ ಲೇಸು. ನೆಂಟರೆಂದು ಪಾಲಿಸಿ ಮಾರಲು ಬರುವವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರ ನೋಂದಣಿ ಸಂಖ್ಯೆ ‘ಐಎನ್‌ಎ’ಯಿಂದ ಶುರುವಾಗುತ್ತದೆ, ಸೆಬಿ ಜಾಲತಾಣದಲ್ಲಿ ಪರಿಶೀಲಿಸಿಯೇ ಶುಲ್ಕ ಕೊಡಿ.