24 ಹೊಲಿಗೆಯ ಚೆಂಡು: ಅಮಿಗುರುಮಿ ಕಲಿಯುವಾಗ ಹತ್ತು ಬಗೆಯಲ್ಲಿ ಹೆಣೆದು ನೋಡಿದ್ದು

ನಮ್ಮ ಮನೆಯಲ್ಲಿ ಕ್ರೋಶೆ ಎಂದರೆ ಬಾಗಿಲ ತೋರಣ, ಮೇಜಿನ ಹೊದಿಕೆ, ಟಿವಿಯ ಮೇಲೆ ಹಾಸುವ ಬಿಳಿಯ ಜಾಲರಿ ಬಟ್ಟೆ. ಅಮ್ಮನ ಕೆಲಸದ ಅಂದವಿರುವುದು ಅವಳು ನೂಲಿನ ನಡುವೆ ಬಿಟ್ಟ ತೂತುಗಳಲ್ಲಿ. ಅಮಿಗುರುಮಿ ಕಲಿಯಲು ಕುಳಿತಾಗ ಈ ಲೆಕ್ಕ ಪೂರ್ತಿ ತಿರುಗಿಬಿತ್ತು. ಹೆಣೆಯುವುದು ಎಂಬ ಅರ್ಥದ ‘ಅಮಿ’ ಮತ್ತು ತುಂಬಿ ಹೊಲಿದ ಬೊಂಬೆ ಎಂಬ ಅರ್ಥದ ‘ನುಯಿಗುರುಮಿ’ ಎಂಬ ಜಪಾನಿ ಪದಗಳು ಕೂಡಿ ಹುಟ್ಟಿದ ಹೆಸರು ಅದು. ಆ ಬೊಂಬೆಯೊಳಗೆ ತುಂಬಿದ ಬಿಳಿಯ ಹತ್ತಿ ಹೊಲಿಗೆಗಳ ನಡುವಿನಿಂದ ಇಣುಕಿದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಆನೆ, ಮೊಲ, ಆಮೆ, ಯಾವುದನ್ನು ಹೆಣೆದರೂ ಅದರ ತಲೆಯೋ ಹೊಟ್ಟೆಯೋ ಒಂದು ಚೆಂಡಾಗಿರುತ್ತದೆ. ಹಾಗಾಗಿ ಬೊಂಬೆಗೆ ಕೈಹಾಕುವ ಮೊದಲು ಒಂದು ಪುಟ್ಟ ಚೆಂಡನ್ನೇ ಹತ್ತು ಸಲ ಹೆಣೆಯಲು ನಿಶ್ಚಯಿಸಿದೆ. ಮೊದಲನೆಯದನ್ನು ಅತ್ಯಂತ ಸರಳ ವಿಧಾನದಲ್ಲಿ ಹೆಣೆದು ಆಧಾರವಾಗಿ ಇಟ್ಟುಕೊಂಡೆ. ಉಳಿದ ಒಂಬತ್ತರಲ್ಲಿ ಒಂದೊಂದರಲ್ಲೂ ಒಂದೇ ಒಂದು ಅಂಶವನ್ನು ಬದಲಿಸಿದೆ, ಏಕೆಂದರೆ ನೂಲು, ಆರಂಭ, ಇಳಿಕೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಚೆಂಡು ಚೆನ್ನಾಗಿ ಬಂದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ. ಹತ್ತೂ ಚೆಂಡುಗಳು ಈಗ ಚೀಟಿ ಚುಚ್ಚಿಸಿಕೊಂಡು ಒಂದು ಸ್ಟೀಲ್ ತಟ್ಟೆಯಲ್ಲಿ ನನ್ನೆದುರಿಗೆ ಇವೆ.

ಈ ಹತ್ತರ ಲೆಕ್ಕಕ್ಕೆ ಸೇರದ ಇನ್ನೊಂದು ಚೆಂಡಿನ ವಿಷಯವನ್ನು ಮೊದಲೇ ಹೇಳಬೇಕು. ಅಮ್ಮ ಕ್ರೋಶೆ ಕಲಿತದ್ದು ಬ್ರಿಟಿಷ್ ಹೆಸರುಗಳ ಮೂಲಕ. ಅವಳ ಪ್ರಕಾರ ಈ ಚೆಂಡಿಗೆ ಬೇಕಾದದ್ದು ‘ಡಬಲ್ ಕ್ರೋಶೆ’. ನಾನು ಆ ಹೆಸರನ್ನು ಹಿಡಿದು ಅಮೆರಿಕದ ವಿಡಿಯೊ ನೋಡಿ ಹೆಣೆದೆ. ಉದ್ದುದ್ದ ಹೊಲಿಗೆಗಳ ಸಡಿಲ ಬುಟ್ಟಿಯೊಂದು ತಯಾರಾಯಿತು. ಬ್ರಿಟಿಷರ ‘ಡಬಲ್’ ಅಮೆರಿಕದವರಿಗೆ ‘ಸಿಂಗಲ್’. ಆದ್ದರಿಂದ ಯಾವುದೇ ಮಾದರಿಯನ್ನು ಓದುವ ಮುನ್ನ ಅದು ಯಾವ ದೇಶದ ಹೆಸರುಗಳನ್ನು ಬಳಸಿದೆ ಎಂದು ನೋಡಿಕೊಳ್ಳುವುದು ಅವಶ್ಯಕ. ಮುಂದೆ ನಾನು ಬರೆಯುವ ‘ಸಿಂಗಲ್’ ಅಮೆರಿಕದ ಲೆಕ್ಕದ್ದು, ಅಂದರೆ ಹೆಣಿಗೆಯನ್ನು ಎತ್ತರಿಸುವ ಹೊಲಿಗೆಗಳಲ್ಲಿ ಎಲ್ಲಕ್ಕಿಂತ ಗಿಡ್ಡ ಮತ್ತು ಗಟ್ಟಿಯಾದದ್ದು.

ಆಧಾರದ ಚೆಂಡಿನ ಲೆಕ್ಕ ಹೀಗಿದೆ. ಮೊದಲ ಸುತ್ತಿನಲ್ಲಿ 6 ಸಿಂಗಲ್, ಎರಡನೆಯದರಲ್ಲಿ 12, ಮೂರನೆಯದರಲ್ಲಿ 18, ನಾಲ್ಕನೆಯದರಲ್ಲಿ 24. ಐದರಿಂದ ಎಂಟನೆಯ ಸುತ್ತಿನವರೆಗೆ ಏನನ್ನೂ ಹೆಚ್ಚಿಸದೆ 24. ಅನಂತರ 18, 12, 6 ಎಂದು ಇಳಿಸಿ ಮುಚ್ಚುವುದು. ಒಟ್ಟು 11 ಸುತ್ತು, 192 ಹೊಲಿಗೆ. ಪ್ರತಿ ಸುತ್ತಿಗೂ ಆರೇ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಸಿಂಗಲ್ ಹೊಲಿಗೆಯ ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ. ಒಂದು ಸುತ್ತು ಹೆಣೆದರೆ ವೃತ್ತದ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆಯುತ್ತದೆ, ತ್ರಿಜ್ಯ ಒಂದರಷ್ಟು ಬೆಳೆದರೆ ಸುತ್ತಳತೆ ಸುಮಾರು 6.28ರಷ್ಟು ಬೆಳೆಯಬೇಕು. ನಾವು ಕೊಡುವುದು ಆರು ಮಾತ್ರ. ಆ ಚೂರು ಕೊರತೆಯಿಂದ ಹೆಣಿಗೆ ತುಸು ಒಳಬಾಗಬಹುದು, ಹೆಚ್ಚಿಸುವುದನ್ನು ನಿಲ್ಲಿಸಿದ ಮೇಲೆ ಅದು ಪೂರ್ತಿ ಬಟ್ಟಲಿನಂತಾಗುತ್ತದೆ, ಮತ್ತು ಚೆಂಡಿಗೆ ಬೇಕಾದದ್ದೂ ಅದೇ.

ಆರಂಭಕ್ಕೆ ಎರಡು ದಾರಿಗಳಿವೆ. ಒಂದು ಮ್ಯಾಜಿಕ್ ರಿಂಗ್: ಬೆರಳಿಗೆ ನೂಲನ್ನು ಸುತ್ತಿ, ಆ ಉಂಗುರದೊಳಗೆ ಆರು ಸಿಂಗಲ್ ಹಾಕಿ, ತುದಿಯನ್ನು ಎಳೆದರೆ ನಡುವಿನ ತೂತು ಪೂರ್ತಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಎರಡು ಚೈನ್, ಅಂದರೆ ಸರಪಳಿಯಂಥ ಕುಣಿಕೆ, ಹಾಕಿ, ಕೊಕ್ಕೆಯ ಕಡ್ಡಿಯ ಕಡೆಯಿಂದ ಎಣಿಸಿದಾಗ ಎರಡನೆಯದಾದ ಚೈನಿನೊಳಗೆ ಆರು ಸಿಂಗಲ್ ಹಾಕುವುದು. ಮ್ಯಾಜಿಕ್ ರಿಂಗ್ ಬಾರದೆ ಅಮಿಗುರುಮಿ ಬಾರದು ಎಂದು ಹೇಳುವವರು ಅನೇಕರು. ನನ್ನ ಪರಿಚಯದಲ್ಲೇ ಇಬ್ಬರು ಆ ಉಂಗುರ ಬೆರಳಿನಿಂದ ಜಾರಿ ಜಾರಿ ಬೇಸತ್ತು ಕಡ್ಡಿಯನ್ನೇ ಎತ್ತಿಟ್ಟುಬಿಟ್ಟಿದ್ದಾರೆ. ತಟ್ಟೆಯಲ್ಲಿರುವ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ವ್ಯತ್ಯಾಸ ಇರುವುದು ನಿಜ. ಚೈನಿನಿಂದ ಶುರುವಾದ ಚೆಂಡಿನ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ತೂತು ಉಳಿದಿತ್ತು. ಆದರೆ ಆರಂಭದ ತುದಿಯನ್ನು ಒಂದು ಗೇಣು ಉದ್ದ ಬಿಟ್ಟುಕೊಂಡು, ಮೊಂಡು ಸೂಜಿಗೆ ಪೋಣಿಸಿ, ಒಳಗಿನಿಂದ ಆ ತೂತಿನ ಸುತ್ತ ಒಮ್ಮೆ ಓಡಿಸಿ ಎಳೆದಾಗ ಅದೂ ಮುಚ್ಚಿಹೋಯಿತು. ಮ್ಯಾಜಿಕ್ ರಿಂಗ್‌ಗೂ ಅದರದೇ ಆದ ಅಪಾಯವಿದೆ. ಅಂದವಾಗಿ ಕಾಣಲೆಂದು ಅದರ ತುದಿಯನ್ನು ನಾನು ಗಿಡ್ಡವಾಗಿ ಕತ್ತರಿಸಿದ್ದೆ. ಮೊದಲ ಒಗೆತಕ್ಕೇ ಉಂಗುರ ಸಡಿಲಗೊಂಡು ನೆತ್ತಿ ಬಾಯಿಬಿಟ್ಟಿತು. ಮಗುವಿನ ಕೈಗೆ ಹೋಗುವ ಬೊಂಬೆಯಾದರೆ ಆ ತುದಿಯನ್ನು ಎರಡು ದಿಕ್ಕಿಗೂ ಹೊಲಿಗೆಗಳೊಳಗೆ ಓಡಿಸಿ ಭದ್ರಪಡಿಸಲೇಬೇಕು. ಹೊಸಬರು ಮೊದಲ ಮೂರು ಚೆಂಡುಗಳನ್ನು ಚೈನಿನಿಂದಲೇ ಶುರುಮಾಡಲಿ ಎಂಬುದು ನನ್ನ ಅಭಿಪ್ರಾಯ. ಕೈಗೆ ನೂಲಿನ ಬಿಗಿ ತಿಳಿದ ಮೇಲೆ ಮ್ಯಾಜಿಕ್ ರಿಂಗ್ ಒಂದು ಸಂಜೆಯಲ್ಲಿ ಬರುತ್ತದೆ.

ನನ್ನ ಅನುಭವದಲ್ಲಿ ಹೊಸಬರು ತಮ್ಮ ಸಮಯವನ್ನು ಕೊಡಬೇಕಾದ ಜಾಗ ಬೇರೆಯೇ ಇದೆ, ಅದು ಹೊಲಿಗೆ ಇಳಿಸುವ ಕೆಳಗಿನ ಅರ್ಧ. ಆಧಾರದ ಚೆಂಡಿನಲ್ಲಿ ನಾನು ಸಾಮಾನ್ಯ ವಿಧಾನದಲ್ಲಿ ಇಳಿಸಿದೆ: ಒಂದು ಹೊಲಿಗೆಯಿಂದ ಒಂದು ಕುಣಿಕೆ, ಮುಂದಿನದರಿಂದ ಇನ್ನೊಂದು ಕುಣಿಕೆ ಎಳೆದು, ಕಡ್ಡಿಯ ಮೇಲಿನ ಮೂರನ್ನೂ ಒಟ್ಟಿಗೆ ದಾಟಿಸುವುದು. ಮುಗಿದ ಚೆಂಡನ್ನು ಕಿಟಕಿಯ ಬೆಳಕಿಗೆ ಹಿಡಿದಾಗ 18 ಇಳಿಕೆಗಳ ಪೈಕಿ 11ರ ಪಕ್ಕದಲ್ಲಿ ಬಿಳಿಯ ಚುಕ್ಕೆ ಕಾಣುತ್ತಿತ್ತು. ಎರಡು ಹೊಲಿಗೆಗಳ ಪೂರ್ಣ ದಪ್ಪ ಒಂದೇ ಕಡೆ ಗಂಟಿನಂತೆ ಸೇರಿಕೊಂಡು, ಅದರ ಅಕ್ಕಪಕ್ಕದ ಜಾಗ ಸಡಿಲವಾಗಿ ತೆರೆದುಕೊಳ್ಳುವುದೇ ಇದಕ್ಕೆ ಕಾರಣ.

ಇದಕ್ಕೆ ಪ್ರತಿಯಾಗಿ ‘ಇನ್ವಿಸಿಬಲ್ ಡಿಕ್ರೀಸ್’ ಎಂದು ಕರೆಯುವ ಇಳಿಕೆ. ಪ್ರತಿ ಹೊಲಿಗೆಯ ತಲೆಯ ಮೇಲೂ ಎರಡು ಎಳೆಗಳಿರುತ್ತವೆ. ನಮ್ಮ ಕಡೆಗಿರುವುದು ಮುಂದಿನ ಎಳೆ. ಕಡ್ಡಿಯನ್ನು ಒಂದು ಹೊಲಿಗೆಯ ಮುಂದಿನ ಎಳೆಗೆ ಮಾತ್ರ ಸಿಕ್ಕಿಸಿ, ನೂಲು ಎಳೆಯದೆ ಹಾಗೆಯೇ ಪಕ್ಕದ ಹೊಲಿಗೆಯ ಮುಂದಿನ ಎಳೆಗೂ ಸಿಕ್ಕಿಸಬೇಕು. ಈಗ ನೂಲನ್ನು ಹಿಡಿದು ಆ ಎರಡು ಎಳೆಗಳೊಳಗಿಂದ ತಂದರೆ ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿಯುತ್ತವೆ, ಮತ್ತೆ ನೂಲು ಹಿಡಿದು ಎರಡನ್ನೂ ದಾಟಿಸಿದರೆ ಮುಗಿಯಿತು. ಎರಡನೆಯ ಎಳೆಗೆ ಸಿಕ್ಕಿಸುವಾಗ ಮೊದಲನೆಯದು ಕಡ್ಡಿಯಿಂದ ಜಾರಿಬಿಡುವುದು ಎಲ್ಲರಿಗೂ ಆಗುವ ತೊಂದರೆ. ಎಡಗೈಯ ಹೆಬ್ಬೆರಳಿನಿಂದ ಅದನ್ನು ಒತ್ತಿಹಿಡಿದರೆ ನಿಲ್ಲುತ್ತದೆ. ಈ ವಿಧಾನದ ಚೆಂಡಿನಲ್ಲಿ ಬಿಳಿ ಕಂಡದ್ದು ಎರಡೇ ಕಡೆ. ದಪ್ಪದ ಗಂಟುಗಳೂ ಇಲ್ಲ, ಇಳಿಕೆ ಯಾವುದು ಸಾದಾ ಹೊಲಿಗೆ ಯಾವುದು ಎಂದು ಬೆರಳಿಗೆ ತಿಳಿಯುವುದೂ ಇಲ್ಲ. ಹತ್ತು ಚೆಂಡುಗಳಲ್ಲಿ ಒಂದೇ ಬದಲಾವಣೆಯಿಂದ ಇಷ್ಟು ಸುಧಾರಿಸಿದ್ದು ಬೇರೊಂದಿಲ್ಲ.

ಇನ್ನು ಆಕಾರದ ಮಾತು. ಏರಿಕೆಗಳು, ಅಂದರೆ ಒಂದೇ ಹೊಲಿಗೆಯೊಳಗೆ ಎರಡು ಹಾಕಿದ ಜಾಗಗಳು, ಸುತ್ತಿನಿಂದ ಸುತ್ತಿಗೆ ಒಂದರ ಮೇಲೊಂದು ಕುಳಿತರೆ ಆರು ಗೆರೆಗಳು ಮೂಡಿ, ಚೆಂಡನ್ನು ಮೇಲಿನಿಂದ ನೋಡಿದಾಗ ಆರು ಮೂಲೆಗಳ ಸುಳಿವು ಕಾಣುತ್ತದೆ. ಇದನ್ನು ತಪ್ಪಿಸಲು ನಾಲ್ಕನೆಯ ಸುತ್ತಿನಲ್ಲಿ ‘2 ಸಿಂಗಲ್, ಒಂದು ಏರಿಕೆ’ ಎಂದು ಆರು ಸಲ ಮಾಡುವ ಬದಲು, ಮೊದಲು 1 ಸಿಂಗಲ್ ಹಾಗೂ ಒಂದು ಏರಿಕೆ, ಅನಂತರ ‘2 ಸಿಂಗಲ್, ಒಂದು ಏರಿಕೆ’ ಐದು ಸಲ, ಕೊನೆಗೆ 1 ಸಿಂಗಲ್ ಹಾಕಿದೆ. ಲೆಕ್ಕ 24ಕ್ಕೇ ಬರುತ್ತದೆ, ಆದರೆ ಮೂಲೆಗಳು ಜಾಗ ತಪ್ಪಿ ಕರಗಿಹೋಗುತ್ತವೆ. ಇಳಿಸುವ ಒಂಬತ್ತನೆಯ ಸುತ್ತಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಇನ್ನೊಂದು ದಾರಿ ಗಣಿತದ್ದು. ನಿಜವಾದ ಗೋಳವನ್ನು ಅದರ ಮೈಗುಂಟ ಸಮಾನ ಅಂತರದಲ್ಲಿ ಅಡ್ಡಡ್ಡ ಅಳೆದರೆ ಅದರ ಸುತ್ತಳತೆ ಸೈನ್ ಕೋಷ್ಟಕದಂತೆ ಏರಿಳಿಯುತ್ತದೆ. ನಡುವೆ 24 ಹೊಲಿಗೆಯಿದ್ದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 12 ಹೊಲಿಗೆಯಷ್ಟು ದೂರ. ಅಂದರೆ ಸುತ್ತಿಗೆ 15 ಡಿಗ್ರಿಯಂತೆ ಲೆಕ್ಕಹಾಕಿದಾಗ 6, 12, 17, 21, 23, 24, 23, 21, 17, 12, 6 ಎಂದು ಬರುತ್ತದೆ. ಇಲ್ಲಿಯೂ ಸುತ್ತು 11, ಆದರೆ ಹೊಲಿಗೆ 182. ಆಧಾರದ ಚೆಂಡಿನಲ್ಲಿ ಹೆಚ್ಚಿಗೆ ಇರುವ ಹತ್ತು ಹೊಲಿಗೆಗಳು ನಡುವಿನ ಐದು ಸಮ ಸುತ್ತುಗಳ ಅಂಚಿನಲ್ಲಿ ಭುಜದಂತೆ ಉಬ್ಬಿಕೊಂಡಿರುತ್ತವೆ. ಗಣಿತದ ಚೆಂಡನ್ನು ಮೇಜಿನ ಮೇಲೆ ಉರುಳಿಸಿದಾಗ ಅದು ನಿಂಬೆಹಣ್ಣಿನಂತೆ ಓಲಾಡದೆ ನೇರವಾಗಿ ಉರುಳಿತು, ಅದನ್ನು ನೋಡುವುದೇ ಒಂದು ಸಂತೋಷ. ಆದರೂ ಹೊಸಬರಿಗೆ ಇದನ್ನು ಹೇಳಲಾರೆ. ಆರರ ಮಗ್ಗಿಯಲ್ಲಿ ತಪ್ಪಾದರೆ ಸುತ್ತು ಮುಗಿಯುವಷ್ಟರಲ್ಲಿ ತಿಳಿಯುತ್ತದೆ. 17ರಿಂದ 21ಕ್ಕೆ, 21ರಿಂದ 23ಕ್ಕೆ ಏರುವಾಗ ಎಲ್ಲಿ ಹೆಚ್ಚಿಸಬೇಕು ಎಂಬುದನ್ನು ಪ್ರತಿ ಸಲವೂ ಬರೆದಿಟ್ಟುಕೊಳ್ಳಬೇಕು, ಮತ್ತು ನಾನು ಎರಡು ಸಲ ಬಿಚ್ಚಿ ಹೆಣೆದೆ. ಇಷ್ಟು ಚಿಕ್ಕ ಚೆಂಡಿಗೆ ಏರಿಕೆಗಳ ಜಾಗ ತಪ್ಪಿಸುವುದೇ ಸಾಕು.

ಪ್ರತಿ ಸುತ್ತನ್ನೂ, ಎತ್ತರ ಕೊಡದ ಪುಟ್ಟ ಜೋಡಣೆಯ ಹೊಲಿಗೆಯಾದ ಸ್ಲಿಪ್ ಸ್ಟಿಚ್‌ನಿಂದ ಜೋಡಿಸಿ ಮುಗಿಸುವ ವಿಧಾನವನ್ನೂ ನೋಡಿದೆ. ಬಣ್ಣದ ಪಟ್ಟೆಗಳಿದ್ದರೆ ಅದಕ್ಕೊಂದು ಅರ್ಥವಿದೆ. ಒಂದೇ ಬಣ್ಣದ ಚೆಂಡಿನಲ್ಲಿ ಅದು ಬಿಟ್ಟುಹೋಗುವುದು ಓರೆಯಾದ ಒಂದು ಗಾಯದ ಗುರುತನ್ನು ಮಾತ್ರ. ನಿಲ್ಲಿಸದೆ ಸುರುಳಿಯಾಗಿ ಹೆಣೆಯುತ್ತ, ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿಕೊಳ್ಳುವುದು ಮೇಲು.

ನೂಲಿನ ವಿಷಯದಲ್ಲಿ ಮೂರನ್ನು ಬಳಸಿದೆ. ಆಧಾರದ ಚೆಂಡು 4 ಪ್ಲೈ ಹತ್ತಿ ನೂಲಿನದು, 2.5 ಮಿ.ಮೀ. ಕಡ್ಡಿಯದು, ಸುಮಾರು ಮೂರೂವರೆ ಸೆಂ.ಮೀ. ಅಡ್ಡಳತೆ. ಹತ್ತಿ ನೂಲು ಹಿಗ್ಗುವುದಿಲ್ಲವಾದ್ದರಿಂದ ಹೊಲಿಗೆಗಳು ಒಂದೊಂದೂ ಸ್ಪಷ್ಟವಾಗಿ ಕಾಣುತ್ತವೆ, ಎಣಿಸಲು ಸುಲಭ. ಆದರೆ ಬಿಗಿಯಾಗಿ ಹೆಣೆಯುವವರ ಬೆರಳು ಬೇಗ ನೋಯುತ್ತದೆ, ಮತ್ತು ಅದು ಯಾವ ತೂತನ್ನೂ ಮುಚ್ಚಿಡುವುದಿಲ್ಲ. ಅಂಗಡಿಗಳಲ್ಲಿ ‘ಉಲ್ಲನ್’ ಎಂದೇ ಸಿಗುವ ಅಕ್ರಿಲಿಕ್ ನೂಲಿಗೆ 3 ಮಿ.ಮೀ. ಕಡ್ಡಿ ಹಿಡಿದೆ. ಲೇಬಲ್ಲಿನ ಮೇಲೆ ಬರೆದ ಅಳತೆಗಿಂತ ಅದು ಚಿಕ್ಕದು, ಅಮಿಗುರುಮಿಗೆ ಹಾಗೆಯೇ ಇರಬೇಕು. ಅದು ಕೈಗೆ ಮೆತ್ತಗೆ, ಬಿಚ್ಚಿ ಮತ್ತೆ ಹೆಣೆದರೂ ತಾಳುತ್ತದೆ, ತನ್ನ ಜುಂಗಿನಿಂದ ಚಿಕ್ಕಪುಟ್ಟ ತೂತುಗಳನ್ನು ಮರೆಮಾಡುತ್ತದೆ. ಕೆಲವು ದಿನ ಆಡಿದ ಮೇಲೆ ಮಾತ್ರ ಮೈಮೇಲೆ ಸಣ್ಣ ಗಂಟುಗಳೇಳುತ್ತವೆ. ಅಭ್ಯಾಸಕ್ಕೆ ತಿಳಿಬಣ್ಣದ ಅಕ್ರಿಲಿಕ್, ಉಡುಗೊರೆಗೆ ಹತ್ತಿ ಎಂದು ನಾನು ಹಂಚಿಕೊಂಡಿದ್ದೇನೆ. ಮೂರನೆಯದಾದ ವೆಲ್ವೆಟ್ ನೂಲು ಕೈಯಲ್ಲಿ ಬೆಕ್ಕಿನ ಮರಿಯಂತಿದ್ದರೂ ಅದರಲ್ಲಿ ಹೊಲಿಗೆ ಎಲ್ಲಿದೆ ಎಂಬುದೇ ಕಣ್ಣಿಗೆ ಬೀಳುವುದಿಲ್ಲ. ಕಲಿಯುವಾಗ ಅದನ್ನು ದೂರವಿಡುವುದು ಒಳ್ಳೆಯದು, ಕಪ್ಪು ನೂಲನ್ನೂ ಅಷ್ಟೇ.

ಒಳಗೆ ತುಂಬಲು ಪಾಲಿಯೆಸ್ಟರ್ ಫೈಬರ್, ಸಾದಾ ಹತ್ತಿ, ಮತ್ತು ನಮ್ಮ ಹಳೆಯ ದಿಂಬಿನಿಂದ ತೆಗೆದ ಬೂರುಗದ ಹತ್ತಿ, ಈ ಮೂರನ್ನು ಹೋಲಿಸಿದೆ. ಬೂರುಗದ ಹತ್ತಿ ಹಗುರವಾಗಿ, ಹಿತವಾಗಿ ತುಂಬಿಕೊಂಡಿತಾದರೂ ಅದರ ನಯವಾದ ಎಳೆಗಳು ಹೊಲಿಗೆಗಳ ನಡುವಿನಿಂದ ಹೊರಬಂದು ಇಡೀ ಕೋಣೆಯಲ್ಲಿ ಹಾರಾಡಿದವು. ಮೂರನ್ನೂ ಒಗೆದು ನೆರಳಲ್ಲಿ ಒಣಗಿಸಿದಾಗ ಸಾದಾ ಹತ್ತಿ ಒಂದು ಪಕ್ಕಕ್ಕೆ ಮುದ್ದೆಗಟ್ಟಿ, ಎರಡು ದಿನವಾದರೂ ಒಳಗೆ ಹಸಿಯಾಗಿಯೇ ಇತ್ತು. ಪಾಲಿಯೆಸ್ಟರ್ ಸಂಜೆಯೊಳಗೆ ಒಣಗಿ ಮೊದಲಿನ ಆಕಾರಕ್ಕೆ ಮರಳಿತು. ಅದನ್ನು ಹತ್ತನೆಯ ಸುತ್ತು, ಅಂದರೆ 12 ಹೊಲಿಗೆ, ಮುಗಿದ ಕೂಡಲೇ ಚಿಕ್ಕ ಚಿಕ್ಕ ತುಣುಕುಗಳಾಗಿ, ಅಂಚಿನಿಂದ ನಡುವಿಗೆ ತುಂಬಬೇಕು. ಅತಿಯಾಗಿ ಒತ್ತಿ ತುಂಬಿದರೆ ಎಷ್ಟೇ ಚೆನ್ನಾಗಿ ಮಾಡಿದ ಇಳಿಕೆಯೂ ಹಿಗ್ಗಿ ಬಿಳಿಯನ್ನು ತೋರಿಸುತ್ತದೆ.

ಕೊನೆಯ ಆರು ಹೊಲಿಗೆಗಳನ್ನು ಆಧಾರದ ಚೆಂಡಿನಲ್ಲಿ ಗಂಟು ಹಾಕಿ ಮುಗಿಸಿದ್ದೆ. ಅಲ್ಲೊಂದು ಮೊಳೆಯಂಥ ತುದಿ ಉಳಿಯಿತು. ಇನ್ವಿಸಿಬಲ್ ಇಳಿಕೆಯ ಚೆಂಡನ್ನೂ ಮೊದಲು ಹಾಗೆಯೇ ಗಂಟು ಹಾಕಿ ಹೋಲಿಸಿ ನೋಡಿ, ಆಮೇಲೆ ಆ ಗಂಟನ್ನು ಬಿಚ್ಚಿದೆ. ನೂಲನ್ನು ಸೂಜಿಗೆ ಪೋಣಿಸಿ, ಆರೂ ಹೊಲಿಗೆಗಳ ಮುಂದಿನ ಎಳೆಯ ಕೆಳಗಿಂದ ಒಂದೊಂದಾಗಿ ಮೇಲಕ್ಕೆ ತಂದು, ನಿಧಾನವಾಗಿ ಎಳೆದು ಬಿಗಿದು, ಉಳಿದ ನೂಲನ್ನು ಚೆಂಡಿನ ನಡುವಿಗೆ ಚುಚ್ಚಿ ಇನ್ನೊಂದು ಪಕ್ಕದಿಂದ ಹೊರತೆಗೆದು ಕತ್ತರಿಸಿದೆ. ಅಮ್ಮ ಆ ಚೆಂಡನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಹೆಬ್ಬೆರಳಿನಿಂದ ಮೈಯೆಲ್ಲ ಸವರುತ್ತ, ಶುರು ಎಲ್ಲಿ ಮಾಡಿದ್ದೀಯೆಂದು ಬಹಳ ಹೊತ್ತು ಹುಡುಕಿದಳು.